ಯಂತ್ರ ಬಿಸಿ, ಬಟ್ಟೆ ಹಸಿ

ಪುಷ್ಯ ಮಳೆ ಹಿಡಿದುಕೊಂಡಿತೆಂದರೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಮನೆಗಳಲ್ಲಿ ಗೋಡೆ ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ಜಗಲಿಯ ಕಂಬದಿಂದ ಕಂಬಕ್ಕೆ ಹಗ್ಗ, ಹಗ್ಗದ ಮೇಲೆ ಲುಂಗಿ, ಲಂಗ, ಶಾಲೆಯ ಯೂನಿಫಾರ್ಮು. ನಡುಮನೆಯ ಕುರ್ಚಿಗಳ ಬೆನ್ನಿಗೆ ಟವೆಲು, ಕಿಟಕಿಯ ಸರಳಿಗೆ ಕಾಲುಚೀಲ. ಫ್ಯಾನಿನ ಕೆಳಗಿನ ಜಾಗಕ್ಕೆ ಮನೆಯವರಲ್ಲೇ ಪೈಪೋಟಿ. ಅಲ್ಲಿ ನಾಳೆ ಬೆಳಿಗ್ಗೆ ಯಾರಿಗೆ ತುರ್ತೋ ಅವರ ಅಂಗಿ. ತೋಟದಲ್ಲಿ ಅಡಿಕೆ ಕೊನೆಗಳಿಗೆ ಔಷಧಿ ಹೊಡೆದು ಬಂದವರ ಬಟ್ಟೆಗಳು ಬೇರೆಯೇ ಸಾಲಿನಲ್ಲಿ ತೂಗುತ್ತಿರುತ್ತವೆ. ಮೈಲುತುತ್ತದ ನೀಲಿ ಹನಿಗಳು, ಸುಣ್ಣದ ಬಿಳಿ ಗೆರೆಗಳು ಎಷ್ಟು ಒಗೆದರೂ ಅವುಗಳ ಮೈಬಿಟ್ಟು ಹೋಗುವುದಿಲ್ಲ. ಒಗೆದು ನಾಲ್ಕನೆಯ ದಿನ ಕೈಯಿಟ್ಟು ನೋಡಿದರೆ ಬಟ್ಟೆ ಒಣಗಿದೆಯೋ ಬರೀ ತಣ್ಣಗಾಗಿದೆಯೋ ಹೇಳುವುದು ಕಷ್ಟ. ಮೂಗಿಗೆ ಹಿಡಿದರೆ ಮುಗ್ಗುಲು ವಾಸನೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಆಗುಂಬೆಯ ನೆರೆಯಲ್ಲಿ ಗಾಳಿಯೇ ನೆನೆದಿರುವಾಗ ಬಟ್ಟೆಯ ನೀರು ಹೋಗುವುದಾದರೂ ಎಲ್ಲಿಗೆ?

ಹಿಂದೆ ಇದಕ್ಕೆಲ್ಲ ಬಚ್ಚಲುಮನೆಯೇ ಗತಿ. ಹಂಡೆ ಒಲೆಯ ಮೇಲ್ಗಡೆ ಅಡ್ಡಕ್ಕೆ ಕಟ್ಟಿದ ಬಿದಿರ ಗಳ, ಅದರ ಮೇಲೆ ಕಂಬಳಿ, ರಗ್ಗು, ದಪ್ಪ ಪಂಚೆ. ಮಗುವಿರುವ ಮನೆಯಲ್ಲಿ ಕೆಂಡದ ಮಡಕೆಯ ಮೇಲೆ ಬಿದಿರ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಬೆನ್ನಿಗೆ ಎಳೆಗೂಸಿನ ಬಟ್ಟೆ ಹರವುತ್ತಿದ್ದರು. ಬಟ್ಟೆಯೇನೋ ಒಣಗುತ್ತಿತ್ತು. ಆದರೆ ಶಾಲೆಗೆ ಹೋಗುವ ಹುಡುಗರ ಅಂಗಿಯಲ್ಲಿ ಹೊಗೆಯ ವಾಸನೆ, ಒಮ್ಮೊಮ್ಮೆ ಕಿಡಿ ಹಾರಿದ ತೂತು. ದೂರದ ದೇಶದವರೂ ಶುರು ಮಾಡಿದ್ದು ಇಲ್ಲಿಂದಲೇ. 1892ರಲ್ಲಿ ಜಾರ್ಜ್ ಟಿ. ಸ್ಯಾಂಪ್ಸನ್ ಎಂಬ ಅಮೆರಿಕನ್ ಪೇಟೆಂಟ್ ಪಡೆದದ್ದು ಒಲೆಯ ಶಾಖಕ್ಕೆ ಬಟ್ಟೆ ಹಿಡಿಯುವ ಒಂದು ಚೌಕಟ್ಟಿಗೆ. ನಾರ್ತ್ ಡಕೋಟದ ಹಿಮಗಾಲದಲ್ಲಿ ತಾಯಿ ಹೊರಗೆ ಬಟ್ಟೆ ಒಣಹಾಕುವ ಪಾಡು ನೋಡಲಾಗದೆ ಜೆ. ರಾಸ್ ಮೂರ್ ಎಂಬಾತ ತಿರುಗುವ ಡ್ರಮ್ಮಿನ ಯಂತ್ರಕ್ಕೆ ಕೈಹಾಕಿದ. ವಿಸ್ಕಾನ್ಸಿನ್‌ನ ಹ್ಯಾಮಿಲ್ಟನ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದದ್ದು 1938ರಲ್ಲಿ.

ಆಗುಂಬೆ ದಾರಿಯಲ್ಲಿ ನಾವೀಗ ನಿಂತಿರುವ ಮನೆಗೆ ಆ ಯಂತ್ರ ಬಂದದ್ದು ಬಾಣಂತನದ ದಾರಿಯಿಂದ. ಮಗಳ ಹೆರಿಗೆಗೆಂದು ಅಮೆರಿಕಕ್ಕೆ ಹೋಗಿದ್ದ ಮನೆಯೊಡತಿ ಅಲ್ಲಿ ಮಗುವಿನ ಬಟ್ಟೆ ಒಂದು ಗಂಟೆಯಲ್ಲಿ ಬಿಸಿಬಿಸಿಯಾಗಿ ಹೊರಬರುವುದನ್ನು ಕಂಡರು. ಊರಿಗೆ ಮರಳಿದ ಮೊದಲ ಮಳೆಗಾಲಕ್ಕೇ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟು ಓಣಿಯಲ್ಲಿ, ಒರಳುಕಲ್ಲಿನ ಪಕ್ಕ, ಬಿಳಿಯ ಪೆಟ್ಟಿಗೆಯೊಂದು ಕೂತಿತು. ಎರಡು ಸಾವಿರ ವ್ಯಾಟಿನ ಹೀಟರು, ಹದಿನಾರು ಆಂಪಿಯರಿನ ಪ್ಲಗ್ಗು, ಹಿಂಬದಿಯಿಂದ ನಾಲ್ಕು ಇಂಚು ದಪ್ಪದ ಸುಕ್ಕುಸುಕ್ಕಾದ ಪೈಪು. ಪೈಪು ಕಿಟಕಿಯ ಮೂಲೆಯಲ್ಲಿ ಕೊರೆದ ತೂತಿನ ಮೂಲಕ ಹಿತ್ತಿಲ ಕಡೆಗೆ. ಇನ್ವರ್ಟರಿನಲ್ಲಿ ಇದು ಓಡುವುದಿಲ್ಲ. ಕರೆಂಟು ಇದ್ದಾಗಲೇ ಆಗಬೇಕು. ಹಾಗಾಗಿ ಈ ಮನೆಯಲ್ಲಿ ಕರೆಂಟು ಬಂತೆಂದರೆ ಮೊದಲು ಮೋಟಾರಲ್ಲ, ಡ್ರೈಯರು.

ಈ ವರ್ಷ ಆರಿದ್ರೆಯ ಹೊತ್ತಿಗೆ ಅದಕ್ಕೆ ಒಂದು ಚಾಳಿ ಅಂಟಿಕೊಂಡಿತು. ಗುಂಡಿ ಒತ್ತಿದರೆ ಓಡುತ್ತದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮೇಲ್ಗಡೆಯ ತಗಡು ಕೈಯಿಡಲಾಗದಷ್ಟು ಕಾಯುತ್ತದೆ, ಮತ್ತೆ ಗಪ್ ಎಂದು ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬ ಮುಖದಲ್ಲಿ ಮತ್ತೆ ಓಡುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ನಿಲ್ಲುತ್ತದೆ. ಬಾಗಿಲು ತೆಗೆದರೆ ಮುಖಕ್ಕೆ ಹಬೆ ರಾಚುತ್ತದೆ. ಒಳಗಿನ ಬಟ್ಟೆ ಮಾತ್ರ ಹಾಕಿದಾಗ ಹೇಗಿತ್ತೋ ಹಾಗೆ. ಯಂತ್ರ ಬಿಸಿ, ಬಟ್ಟೆ ಹಸಿ.

ಮನೆಯಲ್ಲಿ ತಲೆಗೊಂದು ನಿದಾನ. ಯಜಮಾನರ ಪ್ರಕಾರ ಇದು ವೋಲ್ಟೇಜಿನ ಕಾಟ. ಮಗ ಹೇಳುವುದು ಹೀಟರು ಹಾಳಾಗಿದೆ, ಹೊಸದು ಹಾಕಿಸಬೇಕು. ಸೊಸೆಗೆ ಅನುಮಾನ ಕಂಬಳಿಯ ಮೇಲೆ. ಆ ದಿನ ಒದ್ದೆ ಕಂಬಳಿ ತುರುಕಿದಾಗಿನಿಂದಲೇ ಹೀಗಾಯ್ತು ಎಂದು ಯಾರ ಹೆಸರೂ ಎತ್ತದೆ ಹೇಳುತ್ತಾರೆ. ಅಜ್ಜಿ ಮಾತ್ರ ಬಚ್ಚಲ ಗಳವನ್ನು ಬಿಚ್ಚಿಸದೆ ಉಳಿಸಿಕೊಂಡವರು. ಅವರು ಏನೂ ಹೇಳುವುದಿಲ್ಲ.

ಮಳೆ ಒಂದು ಗಳಿಗೆ ಹೊಳವಾದ ಹೊತ್ತು ನೋಡಿ ಪೇಟೆಯಿಂದ ಮೆಕ್ಯಾನಿಕ್ ಬರುತ್ತಾನೆ. ರೇನ್‌ಕೋಟಿನ ಮೇಲೆ ಇನ್ನೊಂದು ಪ್ಲಾಸ್ಟಿಕ್ಕು, ಬೈಕಿನ ಪೆಟ್ರೋಲ್ ಟ್ಯಾಂಕಿನ ಮೇಲೆ ಸಾಮಾನಿನ ಚೀಲ, ಚೀಲಕ್ಕೆ ಗೊಬ್ಬರದ ಗೋಣಿಯ ಹೊದಿಕೆ. ಕಾಲು ತೊಳೆದು ಒಳಬಂದವನಿಗೆ ಬಿಸಿ ಕಷಾಯ ಬರುತ್ತದೆ. ಲೋಟ ಹಿಡಿದುಕೊಂಡೇ ಓಣಿಗೆ ಹೋಗುತ್ತಾನೆ. ಚೀಲ ಬಿಚ್ಚುವುದಿಲ್ಲ. ಒಂದು ಬಕೆಟ್ ಒದ್ದೆ ಬಟ್ಟೆ ಹಾಕಿಸಿ ಯಂತ್ರ ಚಾಲೂ ಮಾಡುತ್ತಾನೆ, ಮೇಲ್ಗಡೆ ಅಂಗೈ ಊರಿ ನಿಲ್ಲುತ್ತಾನೆ. ಡ್ರಮ್ಮು ತಿರುಗುವ ಗುರುಗುಟ್ಟು, ಅದರೊಳಗೆ ಪ್ಯಾಂಟಿನ ಗುಂಡಿ ಲೋಹಕ್ಕೆ ತಾಗುವ ಟಿಣ್ ಟಿಣ್.

“ನಿಲ್ಲುವಾಗ ಡ್ರಮ್ಮು ತಿರುಗ್ತಾ ಇರ್ತದಾ, ಅಥವಾ ಪೂರ್ತಿ ಬಂದಾ?”

“ಪೂರ್ತಿ ಬಂದ್ ಮಾರಾಯ. ಉಸಿರೇ ಇಲ್ಲ.”

ಕೇಳಿದ್ದಕ್ಕೆ ಕಾರಣವಿದೆ. ಡ್ರಮ್ಮು ತಿರುಗುತ್ತಲೇ ಇದ್ದು ಗಾಳಿ ತಣ್ಣಗಾದರೆ ಹೀಟರಿನ ಸಾಲಿನಲ್ಲಿ ಏನೋ ಕಡಿದಿದೆ ಎಂದು ಅರ್ಥ. ಎಲ್ಲವೂ ಒಟ್ಟಿಗೆ ನಿಂತು, ಆರಿದ ಮೇಲೆ ತಾನೇ ಎದ್ದರೆ ಮೋಟಾರಿನೊಳಗೆ ಕೂತ ಕಾವಲುಗಾರ ಕೈಯೆತ್ತಿದ್ದಾನೆ. ಮೋಟಾರಿನ ಸುರುಳಿ ಮಿತಿ ಮೀರಿ ಕಾದಾಗ ಕರೆಂಟು ಕಡಿದು, ತಣಿದಾಗ ಮತ್ತೆ ಜೋಡಿಸುವ ಪುಟ್ಟ ಸ್ವಿಚ್ಚು ಅದು. ವೋಲ್ಟೇಜಿನ ಮಾತೂ ಪೂರ್ತಿ ಸುಳ್ಳಲ್ಲ. 230 ಇರಬೇಕಾದಲ್ಲಿ 180 ಬಂದರೆ ಎರಡು ಸಾವಿರ ವ್ಯಾಟಿನ ಹೀಟರು ಸುಮಾರು 1,200ಕ್ಕೆ ಇಳಿದು ಮಂಕಾಗುತ್ತದೆ. ಮೋಟಾರು ಮಾತ್ರ ಅದೇ ಭಾರ ಎಳೆಯಲು ಹೆಚ್ಚು ಕರೆಂಟು ಕುಡಿದು ಕಾಯುತ್ತದೆ. ಹಾಗಿದ್ದರೆ ಯಂತ್ರದ ಮೈ ಇಷ್ಟು ಸುಡಬಾರದು. ಮೀಟರು ಹಿಡಿದು ನೋಡುತ್ತಾನೆ: 221. ಯಜಮಾನರ ವಾದ ಅಲ್ಲಿಗೆ ಮುಗಿಯಿತು.

“ಪೈಪು ಎಲ್ಲಿಗೆ ಹೋಗಿದೆ?” ಎಂದು ಕೇಳಿದವನು ಉತ್ತರಕ್ಕೆ ಕಾಯದೆ ಕೊಡೆ ಬಿಚ್ಚಿ ಹಿತ್ತಿಲಿಗೆ ನಡೆಯುತ್ತಾನೆ. ಹಿಂದೆಯೇ ಮನೆಯವರೆಲ್ಲ.

ಸೂರಿನ ನೀರು ಧಾರೆಯಾಗಿ ಬೀಳುವ ಜಾಗ. ಕಲ್ಲಿನ ಮೇಲೆ ಪಾಚಿ, ಪಾಚಿಯ ಮೇಲೆ ಬಸವನಹುಳ. ಕಿಟಕಿಯ ಮೂಲೆಯಿಂದ ಪೈಪಿನ ಬಾಯಿ ಗೇಣುದ್ದ ಚಾಚಿಕೊಂಡಿದೆ. ಒಳಗೆ ಯಂತ್ರ ಇನ್ನೂ ಓಡುತ್ತಿದೆ. ಬಾಯಿಯೆದುರು ಅಂಗೈ ಹಿಡಿದರೆ ಗಾಳಿ ಭರ್ರನೆ ಬಡಿಯಬೇಕು. ಅವನು ಕೈ ಹಿಡಿಯುತ್ತಾನೆ, ಮಗನ ಕೈಯನ್ನೂ ಎಳೆದು ಹಿಡಿಸುತ್ತಾನೆ. ಬೆಚ್ಚಗಿನ ಒಂದು ಸುಳಿವು ಬಿಟ್ಟರೆ ಏನೂ ಇಲ್ಲ. ಬಾಯಿಗೆ ಸೊಳ್ಳೆಜಾಲರಿ ಕಟ್ಟಿದೆ. ಇಲಿ, ಹಾವು ಬರಬಾರದೆಂದು ಯಾರೋ ಮುಂದಾಲೋಚನೆಯಿಂದ ಕಟ್ಟಿದ್ದು. ಜಾಲರಿಯ ಒಳಮೈಗೆ ಬೂದುಬಣ್ಣದ ಜುಂಗು ಬೆರಳು ದಪ್ಪಕ್ಕೆ ಕೂತಿದೆ. ಸೂರಿನ ಸಿಡಿತಕ್ಕೆ ನೆನೆದು ಗಟ್ಟಿಯಾಗಿದೆ. ಅವನು ಉಗುರಿನಿಂದ ಅಂಚು ಎಬ್ಬಿಸಿ ಎಳೆದರೆ ಇಡೀ ಹಾಳೆಯಾಗಿಯೇ ಬಿಡುತ್ತದೆ. ಹತ್ತಿರ ಹಿಡಿದು ನೋಡಿದರೆ ಅದರಲ್ಲಿ ಈ ಮನೆಯವರೆಲ್ಲ ಇದ್ದಾರೆ: ಟವೆಲಿನ ಹಳದಿ, ಯೂನಿಫಾರ್ಮಿನ ನೀಲಿ, ಪಂಚೆಯ ಬಿಳಿ ನೂಲು, ಅಜ್ಜಿಯ ಒಂದು ಬೆಳ್ಳಗಿನ ಕೂದಲು.

ಅಮೆರಿಕದ ಮನೆಕಟ್ಟಡ ನಿಯಮಾವಳಿ ಡ್ರೈಯರ್ ಕೊಳವೆಯ ಬಾಯಿಗೆ ಜಾಲರಿ ಹಾಕುವುದನ್ನೇ ಬೇಡವೆನ್ನುವುದು ಇದೇ ಕಾರಣಕ್ಕೆ. ಅಲ್ಲಿ ಗಾಳಿಯ ತಳ್ಳುವಿಕೆಗೆ ತೆರೆದು, ಗಾಳಿ ನಿಂತಾಗ ತಾನೇ ಮುಚ್ಚುವ ತೂಗುರೆಕ್ಕೆ ಇರಬೇಕು. ಕೊಳವೆಯ ಉದ್ದಕ್ಕೂ ಲೆಕ್ಕವಿದೆ: ಸಾಮಾನ್ಯವಾಗಿ 35 ಅಡಿಯ ಮಿತಿ, ಲಂಬಕೋನದಲ್ಲಿ ತಿರುಗುವ ಒಂದೊಂದು ಮೂಲೆಗೂ ಅದರಲ್ಲಿ 5 ಅಡಿ ವಜಾ. ಒಂದು ಮಡಿಕೆ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಅಳತೆ ಬೇಕಿಲ್ಲ.

ಒಳಗೆ ಬಂದು ಯಂತ್ರ ನಿಲ್ಲಿಸಿ, ಪ್ಲಗ್ಗು ಕಿತ್ತು, ಪೆಟ್ಟಿಗೆಯನ್ನು ಮುಂದಕ್ಕೆಳೆದರೆ ಉಳಿದ ಕಥೆ ಹೊರಬೀಳುತ್ತದೆ. ಓಣಿಯಲ್ಲಿ ಓಡಾಡಲು ತೊಡಕೆಂದು ಯಂತ್ರವನ್ನು ಗೋಡೆಗೆ ಒತ್ತಿದ್ದಾರೆ. ಹಿಂದಿದ್ದ ಪೈಪು ಅಪ್ಪಚ್ಚಿಯಾಗಿ ಅರ್ಧಕ್ಕರ್ಧ ಕಣ್ಣು ಮುಚ್ಚಿದೆ. ಅಲ್ಲಿಂದ ಅದು ನೆಲದವರೆಗೆ ಜೋತುಬಿದ್ದು ಮತ್ತೆ ಕಿಟಕಿಗೆ ಏರಿದೆ. ಜೋತ ತಗ್ಗನ್ನು ಎತ್ತಿದರೆ ಗಳಗಳ ಸದ್ದು. ಬಕೆಟ್ಟಿಗೆ ಬಗ್ಗಿಸಿದರೆ ತಂಬಿಗೆ ತುಂಬುವಷ್ಟು ನೀರು. ಬಿಸಿ ಹಬೆ ಪೈಪಿನ ತಣ್ಣನೆಯ ಗೋಡೆಗೆ ತಾಗಿ ಬೆವರಿ, ತಗ್ಗಿನಲ್ಲಿ ನಿಂತು, ಮುಂದಿನ ಹಬೆಗೆ ಅಡ್ಡಗಟ್ಟಿದೆ. ಇನ್ನೂ ಆಚೆ, ಕಿಟಕಿಯ ಹತ್ತಿರ, ಬೆರಳಿಗೆ ಗಟ್ಟಿಯಾಗಿ ತಾಗಿದ್ದು ಕುಂಬಾರಹುಳದ ಮಣ್ಣಿನ ಗೂಡು. ದೀಪಾವಳಿಯಿಂದ ಮೇ ತಿಂಗಳವರೆಗೆ ಯಂತ್ರಕ್ಕೆ ಕೆಲಸವಿಲ್ಲ. ಜಾಲರಿ ಕಟ್ಟುವ ಮುಂಚಿನ ಯಾವುದೋ ಬೇಸಿಗೆಯಲ್ಲಿ ಹುಳ ಬಂದು ಮನೆ ಮಾಡಿ ಹೋಗಿದೆ.

“ಅಂದ್ರೆ ಹಬೆ ಹೋಗ್ಲಿಕ್ಕೆ ದಾರಿಯೇ ಇರಲಿಲ್ಲ ಅನ್ನು,” ಎನ್ನುತ್ತಾರೆ ಅಜ್ಜಿ. ಇಷ್ಟು ಹೊತ್ತು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದವರು. “ಏಲಕ್ಕಿ ಗೂಡಿಗೆ ಮೇಲ್ಗಡೆ ಗಾಳಿಕಂಡಿ ಬಿಡದೆ ಬೆಂಕಿ ಹಾಕಿದ್ರೆ ಏಲಕ್ಕಿ ಬೇಯ್ತದೆ, ಒಣಗುದಿಲ್ಲ.”

ಮಲೆನಾಡಿನವರಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಏಲಕ್ಕಿ ಗೂಡಿನಲ್ಲಿ ಕೆಳಗೆ ಒಲೆ, ನಡುವೆ ತಟ್ಟಿಗಳ ಮೇಲೆ ಹಸಿ ಕಾಯಿ, ಮೇಲೆ ಕಂಡಿ. ಕಾಯಿಯ ನೀರನ್ನು ಹೊತ್ತ ಗಾಳಿ ಕಂಡಿಯಿಂದ ಹೊರಟರೆ ಮಾತ್ರ ಹೊಸ ಗಾಳಿ ಒಳಬರುತ್ತದೆ. ಡ್ರೈಯರೂ ಅಷ್ಟೇ. ಕೋಣೆಯ ಗಾಳಿಯನ್ನು ಒಳಗೆಳೆದು, ಹೀಟರಿನ ಮೇಲೆ ಹಾಯಿಸಿ, ಡ್ರಮ್ಮಿನಲ್ಲಿ ಉರುಳುವ ಬಟ್ಟೆಗಳ ನಡುವೆ ನುಗ್ಗಿಸಿ, ಜುಂಗು ಸೋಸಿ, ಫ್ಯಾನಿನಿಂದ ಹೊರಗೆ ದಬ್ಬುತ್ತದೆ. ಪುಷ್ಯದ ನೆನೆದ ಗಾಳಿಯಲ್ಲೂ ಇದು ನಡೆಯುವ ಗುಟ್ಟು ಸರಳ. 24 ಡಿಗ್ರಿಯಲ್ಲಿ ತೇವ ತುಂಬಿ ತುಳುಕುವ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ, ನೀರಿನಂಶ ಅಷ್ಟೇ ಇದ್ದರೂ, ಸಾಪೇಕ್ಷ ತೇವಾಂಶ ನೂರರಿಂದ ಸುಮಾರು ಹದಿನೈದಕ್ಕೆ ಇಳಿಯುತ್ತದೆ. ಆ ಗಾಳಿಗೆ ಬಾಯಾರಿಕೆ. ವಾಷಿಂಗ್ ಮೆಷಿನ್ನಿನಲ್ಲಿ ಚೆನ್ನಾಗಿ ಹಿಂಡಿದ ಐದು ಕಿಲೋ ಹತ್ತಿ ಬಟ್ಟೆಯಲ್ಲೂ ಮೂರು ಲೀಟರಿನಷ್ಟು ನೀರು ಉಳಿದಿರುತ್ತದೆ. ಅದನ್ನು ಆವಿ ಮಾಡಲು ಬರೀ ಲೆಕ್ಕದಲ್ಲೇ ಎರಡು ಯೂನಿಟ್ ವಿದ್ಯುತ್ ಬೇಕು. ಆವಿಯಾದ ಮೂರು ಲೀಟರನ್ನು ಹೊತ್ತು ಹೊರಗೆ ಹಾಕುವುದು ಗಾಳಿಯ ಕೂಲಿ. ಆ ಗಾಳಿ ಹೊರಡದಿದ್ದರೆ ಒಳಗಿನ ಗಾಳಿ ಹೊಟ್ಟೆ ತುಂಬಿ ಕೂರುತ್ತದೆ, ಬಟ್ಟೆಯ ನೀರು ಬಟ್ಟೆಯಲ್ಲೇ ಉಳಿಯುತ್ತದೆ. ಹೀಟರು ಮಾತ್ರ ತನ್ನ ಪಾಲಿನ ಎರಡು ಸಾವಿರ ವ್ಯಾಟನ್ನು ಸುರಿಯುತ್ತಲೇ ಇರುತ್ತದೆ. ಕೊಂಡೊಯ್ಯುವವರಿಲ್ಲದ ಆ ಶಾಖ ತಗಡಿಗೆ, ಮೋಟಾರಿಗೆ, ವೈರುಗಳಿಗೆ ಏರುತ್ತದೆ. ಹಾಗಾಗಿ ಹೀಟರು ಹಾಳಾಗಿದೆಯೆಂಬ ಮಗನ ಮಾತು ತಿರುವುಮುರುವು. ಅದು ಸರಿ ಇರುವುದರಿಂದಲೇ ಯಂತ್ರ ಇಷ್ಟು ಸುಡುತ್ತಿದೆ.

“ಫಿಲ್ಟರು ದಿನಾ ತೆಗೆದು ಗುಡಿಸ್ತೇನೆ,” ಎಂದು ಸೊಸೆ ಮೊದಲೇ ಹೇಳಿಬಿಡುತ್ತಾರೆ. ಸುಳ್ಳಲ್ಲ. ಬಾಗಿಲ ಬಳಿಯ ಜರಡಿ ಕಣ್ಣಿಗೆ ಚೊಕ್ಕಟವಾಗಿದೆ. ಮೆಕ್ಯಾನಿಕ್ ಅದನ್ನು ನಲ್ಲಿಯ ಕೆಳಗೆ ಅಡ್ಡ ಹಿಡಿಯುತ್ತಾನೆ. ಸೋರಿ ಇಳಿಯಬೇಕಾದ ನೀರು ಜರಡಿಯ ಮೇಲೆ ಕೊಳವಾಗಿ ನಿಲ್ಲುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಸುವಾಸನೆಯ ದ್ರಾವಣ ಜರಡಿಯ ಕಣ್ಣುಗಳಿಗೆ ಕಾಣದ ಪೊರೆ ಬಳಿದಿದೆ. ನೀರಿಗೆ ದಾರಿಯಿಲ್ಲದ ಕಡೆ ಗಾಳಿಗೂ ಸಲೀಸಿಲ್ಲ. ಸೋಪು ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದ ಮೇಲೆ ನೀರು ಸರಾಗ ಇಳಿಯುತ್ತದೆ.

ಇನ್ನು ಚೀಲ ಬಿಚ್ಚುವ ಹೊತ್ತು. ಹಿಂಬದಿಯ ತಗಡಿನ ಸ್ಕ್ರೂಗಳು ಒಂದೊಂದಾಗಿ ತಟ್ಟೆಗೆ ಬೀಳುತ್ತವೆ. ಟಾರ್ಚಿನ ಬೆಳಕಿಗೆ ಒಳಗೆಲ್ಲ ಜುಂಗು: ಫ್ಯಾನಿನ ರೆಕ್ಕೆಗಳ ಸಂದಿಯಲ್ಲಿ, ಬೆಲ್ಟಿನ ಕೆಳಗೆ, ಮೋಟಾರು ಗಾಳಿ ಕುಡಿಯುವ ಕಂಡಿಗಳಲ್ಲಿ. ಹೊರಗೆ ಹೋಗಲಾಗದ್ದು ಸಂದುಗೊಂದುಗಳಿಂದ ನುಸುಳಿ ಯಂತ್ರದ ಹೊಟ್ಟೆಯಲ್ಲೇ ಕೂತಿದೆ. ಬ್ರಷ್ಷಿನಿಂದ ಬಿಡಿಸುತ್ತ ಹೀಟರಿನ ಹತ್ತಿರ ಬಂದವನ ಕೈ ನಿಲ್ಲುತ್ತದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಗ್ಗಿ ನೋಡುತ್ತಾನೆ.

“ಇದನ್ನು ಮಾಡಿದ್ದು ಯಾರು?”

ಎರಡು ಕಾಸಿನ ಗಾತ್ರದ ಒಂದು ಬಿಲ್ಲೆ, ಅದಕ್ಕೆ ಎರಡು ಕೊಂಡಿ. ಹೀಟರಿನ ಮಗ್ಗುಲಲ್ಲಿ ಕೂತ ಸುರಕ್ಷಾ ಥರ್ಮೋಸ್ಟಾಟ್ ಅದು. ಒಳಗೆ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ತೆಳು ತಗಡಿದೆ. ಶಾಖ ಗೆರೆ ದಾಟಿದರೆ ತಗಡು ಟಿಕ್ಕೆಂದು ಮಗುಚಿಕೊಂಡು ಹೀಟರಿನ ಕರೆಂಟು ಕಡಿಯುತ್ತದೆ. ಇಲ್ಲಿ ಆ ಬಿಲ್ಲೆಯ ಎರಡು ಕೊಂಡಿಗಳ ನಡುವೆ ಬೆರಳುದ್ದದ ಕೆಂಪು ವೈರು. ಕರೆಂಟು ಬಿಲ್ಲೆಯನ್ನು ಕೇಳದೆ ವೈರಿನಲ್ಲೇ ದಾಟಿ ಹೋಗುತ್ತದೆ. ಕಳೆದ ಮಳೆಗಾಲದ ಕೊನೆಯಲ್ಲಿ ಬಂದಿದ್ದ ಇನ್ಯಾರೋ ‘ಪದೇ ಪದೇ ಬಂದಾಗ್ತದೆ’ ಎಂಬ ದೂರನ್ನು ಐದು ನಿಮಿಷದಲ್ಲಿ ಬಗೆಹರಿಸಿಕೊಟ್ಟ ಬಗೆ ಇದು. ಅಂದರೆ ಗಾಳಿ ಆಗಲೇ ಕಟ್ಟಿತ್ತು. ಬಿಲ್ಲೆ ಆಗಲೇ ಕೂಗಿತ್ತು. ಅದರ ಬಾಯಿಗೆ ಬಟ್ಟೆ ತುರುಕಿದ್ದರು. ಆಮೇಲೆ ಉಳಿದ ಕಾವಲು ಮೋಟಾರಿನೊಳಗಿನ ಸ್ವಿಚ್ಚೊಂದೇ. ಅದೂ ಇಲ್ಲದಿದ್ದರೆ?

ಅವನು ಜುಂಗಿನ ಒಂದು ಒಣ ಎಸಳನ್ನು ಅಂಗಳದ ಕಟ್ಟೆಯ ಮೇಲಿಟ್ಟು ಬೆಂಕಿಕಡ್ಡಿ ಗೀರುತ್ತಾನೆ. ಭುಗ್ ಎಂದು ಹೊತ್ತಿ, ಮಾತಾಡುವಷ್ಟರಲ್ಲಿ ಬೂದಿ. ಅಮೆರಿಕದ ಅಗ್ನಿಶಾಮಕ ಆಡಳಿತ 2008ರಿಂದ 2010ರ ಅವಧಿಯನ್ನು ಪರಿಶೀಲಿಸಿದಾಗ ಅಲ್ಲಿನ ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು ಲೆಕ್ಕಕ್ಕೆ ಸಿಕ್ಕಿದ್ದವು. ಕಾರಣಗಳಲ್ಲಿ ಮೊದಲನೆಯದು ಸ್ವಚ್ಛ ಮಾಡದಿರುವುದು. ಮಗ ಕೆಂಪು ವೈರನ್ನು ಎತ್ತಿಕೊಂಡು ಎರಡು ಬಾರಿ ತಿರುಗಿಸಿ ನೋಡಿ, ತಿಪ್ಪೆಗೆ ಎಸೆಯದೆ ಜೇಬಿಗೆ ಹಾಕಿಕೊಳ್ಳುತ್ತಾನೆ.

ಮೀಟರಿನ ಎರಡು ಮುಳ್ಳು ಹೀಟರಿನ ತುದಿಗಳಿಗೆ ತಾಗುತ್ತವೆ: 26 ಓಮ್ ಚಿಲ್ಲರೆ. 230 ವೋಲ್ಟಿಗೆ ಎರಡು ಸಾವಿರ ವ್ಯಾಟೆಂದರೆ ಇರಬೇಕಾದದ್ದೂ ಅಷ್ಟೇ. ಒಂದು ಮುಳ್ಳನ್ನು ಯಂತ್ರದ ಮೈಗೆ ಹಿಡಿದರೆ ಏನೂ ತೋರಿಸುವುದಿಲ್ಲ. ಸುರುಳಿ ಜೋತು ತಗಡಿಗೆ ತಾಗಿಲ್ಲ, ಆರೋಗ್ಯ. ಹಳೆಯ ಬಿಲ್ಲೆಯನ್ನು ಬಿಚ್ಚಿ, ಅದರ ಬೆನ್ನಿನಲ್ಲಿ ಕೊರೆದ ಡಿಗ್ರಿಯ ಅಂಕಿ ಓದಿ, ಚೀಲದ ಡಬ್ಬಿಯಲ್ಲಿ ಅದೇ ಅಂಕಿಯದನ್ನು ಹುಡುಕುತ್ತಾನೆ. ಆಕಾರ ಒಂದೇ ಇದ್ದರೆ ಸಾಲದು. ಹೆಚ್ಚಿನ ಡಿಗ್ರಿಯದನ್ನು ಹಾಕಿದರೆ ಅದೂ ಒಂದು ಬಗೆಯ ಕೆಂಪು ವೈರೇ.

ಪೈಪು ಗಿಡ್ಡವಾಗುತ್ತದೆ. ಜೋತ ಭಾಗ ಕತ್ತರಿಸಿ, ಹೊರಮುಖವಾಗಿ ತುಸು ಇಳಿಜಾರು ಕೊಟ್ಟು, ಬೆವರಿದ ನೀರು ಹಿತ್ತಿಲಿಗೇ ಸೋರುವ ಹಾಗೆ ಕಟ್ಟುತ್ತಾನೆ. ಜಾಲರಿಯ ಜಾಗದಲ್ಲಿ ಪ್ಲಾಸ್ಟಿಕ್ ರೆಕ್ಕೆಯ ಮುಚ್ಚಳ. ಗೋಡೆಗೂ ಯಂತ್ರಕ್ಕೂ ನಡುವೆ ಗೇಣು ಜಾಗ ಬಿಡಬೇಕೆಂದಾಗ ಒರಳುಕಲ್ಲು ಎಲ್ಲಿಗೆ ಹೋಗಬೇಕೆಂಬ ಚರ್ಚೆ ಶುರುವಾಗಿ, ಅಜ್ಜಿಯ ಒಂದು ನೋಟಕ್ಕೆ ನಿಲ್ಲುತ್ತದೆ. ಒರಳುಕಲ್ಲು ಅಲ್ಲೇ, ಖಾಲಿ ಗ್ಯಾಸ್ ಸಿಲಿಂಡರು ಕೊಟ್ಟಿಗೆಗೆ.

ಯಂತ್ರ ಓಡುತ್ತದೆ. ಹಿತ್ತಿಲಲ್ಲಿ ರೆಕ್ಕೆ ಪಟಪಟನೆ ಎದ್ದು ನಿಂತು, ಬಿಳಿ ಹಬೆ ಮಳೆಯೊಳಕ್ಕೆ ನುಗ್ಗುತ್ತದೆ. ಇಪ್ಪತ್ತು ನಿಮಿಷ ದಾಟುತ್ತದೆ. ಮೂವತ್ತಾಗುತ್ತದೆ. ತಗಡು ಬೆಚ್ಚಗಿದೆ, ಸುಡುತ್ತಿಲ್ಲ. ಎಲ್ಲರ ಮುಖ ಅರಳುವಷ್ಟರಲ್ಲಿ ಓಣಿಯ ಬಲ್ಬು ಆರಿ, ಡ್ರಮ್ಮು ನಿಧಾನಿಸಿ ನಿಲ್ಲುತ್ತದೆ. ಕರೆಂಟು ಹೋಯಿತು.

“ಬಾಗಿಲು ತೆಗೀರಿ, ಬಟ್ಟೆ ಪೂರ್ತಿ ಹೊರಗೆ ಎಳೀರಿ, ರಾಶಿ ಹಾಕ್ಬೇಡಿ, ಹರವಿ,” ಎಂದು ಅವನು ಅವಸರ ಮಾಡುತ್ತಾನೆ. ಸರದಿ ಪೂರ್ತಿಯಾದರೆ ಕೊನೆಯ ಹತ್ತು ನಿಮಿಷ ಹೀಟರು ಆರಿ, ಬರೀ ಗಾಳಿ ಆಡಿ, ಬಟ್ಟೆ ತಣಿಯುತ್ತದೆ. ನಡುವೆ ನಿಂತರೆ ಫ್ಯಾನಿಲ್ಲ, ಕಾದ ಹೀಟರಿನ ಬಿಸಿ ಅಲ್ಲೇ ಮಡುಗಟ್ಟುತ್ತದೆ. ಮುದ್ದೆಯಾದ ಬಟ್ಟೆಯೂ ಒಳಗೊಳಗೇ ಕಾಯುತ್ತದೆ. ಅಡುಗೆ ಎಣ್ಣೆ ಕುಡಿದ ಮಸಿಬಟ್ಟೆ ಆ ರಾಶಿಯಲ್ಲಿದ್ದರೆ ಇನ್ನೂ ಅಪಾಯ, ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಅಡಿಕೆ ತೋಟದ ಮೇಲೆ ಮರ ಬಿದ್ದು ಲೈನು ಹೋಗುವ ಊರಿನಲ್ಲಿ ಈ ನಾಲ್ಕು ಮಾತು ಯಂತ್ರದ ಮೇಲೆಯೇ ಬರೆದಂಟಿಸಬೇಕು.

ಮುಕ್ಕಾಲು ಗಂಟೆಗೆ ಕರೆಂಟು ಬರುತ್ತದೆ. ಗುಂಡಿ ಒತ್ತಿದರೆ ಡ್ರಮ್ಮು ತಿರುಗುತ್ತದೆ, ಗಾಳಿ ಬರುತ್ತದೆ, ತಣ್ಣಗೆ. “ಅಯ್ಯೋ, ಮತ್ತೆ ಹೋಯ್ತಲ್ಲ,” ಎಂದು ಯಜಮಾನರು ತಲೆಯ ಮೇಲೆ ಕೈಯಿಡುತ್ತಾರೆ. ಮೆಕ್ಯಾನಿಕ್ ನಗುತ್ತಾನೆ. ಪ್ಲಗ್ಗು ಕಿತ್ತು, ಹಿಂದಿನ ಸಂದಿಯಲ್ಲಿ ಕೈ ತೂರಿಸಿ, ಹೊಸ ಬಿಲ್ಲೆಯ ನಡುವಿನ ಕೆಂಪು ಗುಂಡಿಯನ್ನು ಒತ್ತಿದರೆ ಟಿಕ್. ಕರೆಂಟು ಹೋದಾಗ ಮಡುಗಟ್ಟಿದ ಶಾಖಕ್ಕೆ ಬಿಲ್ಲೆ ತನ್ನ ಕೆಲಸ ಮಾಡಿದೆ. ಈ ಸಲ ನಿಂತದ್ದೇ ರಿಪೇರಿ ಸರಿಯಾಗಿದೆ ಎಂಬುದಕ್ಕೆ ಸಾಕ್ಷಿ. “ಕರೆಂಟು ಹೋಗಿ ಬಂದ ಮೇಲೆ ಹೀಗಾದ್ರೆ ಒತ್ತಿ. ಕರೆಂಟು ಇದ್ದೂ ಹೀಗಾದ್ರೆ ಒತ್ತಬೇಡಿ, ಹಿತ್ತಿಲಿಗೆ ಹೋಗಿ ರೆಕ್ಕೆ ಏಳ್ತದಾ ನೋಡಿ.”

ಲೆಕ್ಕದ ಹೊತ್ತಿಗೆ ಯಜಮಾನರು ಮುಖ ಸಣ್ಣ ಮಾಡುತ್ತಾರೆ. ಒಂದು ಬಿಲ್ಲೆ, ಒಂದು ರೆಕ್ಕೆ, ಇನ್ನೇನು ಹಾಕಿದ್ದಾನೆ ಇವನು? ಅರ್ಧ ದಿನ ಜುಂಗು ತೆಗೆದದ್ದಕ್ಕೆ ಇಷ್ಟಾ? ಅವನು ಚೌಕಾಶಿಗೆ ಇಳಿಯುವ ಮೊದಲೇ ಜೇಬಿನ ಫೋನು ಹೊಡೆದುಕೊಳ್ಳುತ್ತದೆ. ಆಚೆ ಬದಿಯ ದನಿ ಇಡೀ ಜಗಲಿಗೆ ಕೇಳುವಷ್ಟು ಜೋರು: ಅವರ ಮನೆಯದೂ ಬಿಸಿಯಾಗಿ ಬಂದಾಗುತ್ತಿದೆಯಂತೆ, ಹೊಸ ಹೀಟರು ಹಿಡಿದುಕೊಂಡೇ ಬರಬೇಕಂತೆ.

“ಹೀಟರು ಇರಲಿ. ಪೈಪಿನ ಬಾಯಿಗೆ ಜಾಲರಿ ಕಟ್ಟಿದ್ದೀರಾ?” ಎಂದು ಕೇಳುತ್ತಾನೆ. ಆಚೆ ಕಡೆ ತುಸು ಹೊತ್ತು ಮಾತಿಲ್ಲ. “ಅದನ್ನ ಬಿಚ್ಚಿ, ಮೆಷಿನ್ನು ಓಡಿಸಿ, ಹೊರಗೆ ಹೋಗಿ ಕೈ ಹಿಡೀರಿ. ಗಾಳಿ ಜೋರು ಬಂದೂ ನಿಂತ್ರೆ ಮಾತ್ರ ಫೋನ್ ಮಾಡಿ, ಬರ್ತೇನೆ.”

ಯಜಮಾನರು ಕೇಳಿದಷ್ಟು ದುಡ್ಡನ್ನು ಎಣಿಸಿ ಕೊಡುತ್ತಾರೆ.